ಬಸ್ಸಿನ ದುಡ್ಡು ಬಸ್ಸಿಗೇ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಮನೇ ಬಂದು ಪ್ರಾಣ ಕೇಳಿದರೂ "ರಸೀದಿ ಕೊಡ್ತೀರಾ?" ಅನ್ನುವ ಆಸಾಮಿ! ಜಪಾನಿನ ಫುನಾಬೊರಿಯ ನಮ್ಮ ಮಕ್ಕಳ ಶಾಲೆಯಲ್ಲಿ ಬ್ಯಾಂಡಿನ ಖರ್ಚಿಗೆಂದು ಪೋಷಕರು ಚಂದಾ ಎತ್ತುವ ಸಂಘವೊಂದಿತ್ತು. ಅದಕ್ಕೆ ಇವರು ಖಜಾಂಚಿ. ಇವರ ಮಗ ಶಾಲೆ ಬಿಟ್ಟರೂ ಖಜಾಂಚಿಗಿರಿ ಇವರನ್ನು ಬಿಟ್ಟಿರಲಿಲ್ಲ. ಬೇರೆ ಯಾರಿಗೆ ಬೇಕಿತ್ತು ಆ ತಲೆನೋವು?

ಒಮ್ಮೆ ಬ್ಯಾಂಡಿನ ಟ್ರೊಂಬೋನ್ ತುತ್ತೂರಿಗಳ ಕೊಳವೆಗೆ ಎಣ್ಣೆ ತಂದು ಚೀಟಿ ಕಳೆದುಕೊಂಡೆ.

"ತಂದಿದ್ದಕ್ಕೆ ಸಾಕ್ಷಿ?"

"ಕೊಳವೆ ಹೇಗೆ ಜಾರ್ತಾ ಇದೆ ನೋಡಿ ಭಾವ!"

"ಜಾರೋದನ್ನ ಫೈಲಿಗೆ ಹಾಕಕ್ಕಾಗಲ್ಲ ಕಣಯ್ಯ."

ಆ ದುಡ್ಡು ಇವತ್ತಿಗೂ ಬಂದಿಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ಬ್ಯಾಂಡ್ ಸ್ಪರ್ಧೆ ರದ್ದಾಯಿತು. ನನ್ನ ಮಗಳಿಗೆ ಅದು ಕೊನೆಯ ವರ್ಷ. ಮೂರು ವರ್ಷ ಟ್ರೊಂಬೋನ್ ಊದಿದ್ದು ಆ ದೊಡ್ಡ ಸಭಾಂಗಣದ ಒಂದು ದಿನಕ್ಕಾಗಿ. "ಇಟ್ಸ್ ಓಕೆ, ಅಪ್ಪ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಸ್ಪರ್ಧೆಗೆ ಹೋಗಲು ಎತ್ತಿದ್ದ ಬಸ್ಸಿನ ದುಡ್ಡು ಹಾಗೇ ಇತ್ತು. "ಅದರಲ್ಲಿ ಒಂದು ಸ್ಟುಡಿಯೋ ಹಿಡೀರಿ ಭಾವ. ಹೋಗೋ ಮಕ್ಕಳು ಒಂದ್ಸಲ ನುಡಿಸಿ ಹೋಗ್ಲಿ," ಎಂದೆ.

"ಆಗಲ್ಲ. ಬಸ್ಸಿನ ದುಡ್ಡು ಬಸ್ಸಿಗೇ."

"ನೀವು ಮನುಷ್ಯರಾ?" ಎಂದು ಫೋನಿಟ್ಟೆ. ಎರಡು ವಾರ ಮಾತು ಬಿಟ್ಟೆ.

ಆಮೇಲೊಂದು ಭಾನುವಾರ ಶಾಲೆಯ ಗೇಟಿಗೆ ಬಸ್ಸೇ ಬಂದು ನಿಂತಿತು! ಬಾಗಿಲಲ್ಲಿ ಥರ್ಮಾಮೀಟರ್ ಹಿಡಿದ ಭಾವ. ಕೊನೆಯ ವರ್ಷದ ಮಕ್ಕಳು, ಎರಡು ಸೀಟಿಗೊಬ್ಬರು.

"ಸಂಘದ ಸಭೆ ಒಪ್ಪಿದ್ದು 'ಸಭಾಂಗಣಕ್ಕೆ ಹೋಗಿಬರಲು' ಅಂತ. ಅಲ್ಲಿ ಸ್ಪರ್ಧೆ ನಡೀಬೇಕು ಅಂತ ಎಲ್ಲಿ ಬರೆದಿದೆ?"

ಸಭಾಂಗಣಕ್ಕೆ ಬೀಗ. ಅದರೆದುರಿನ ಪಾರ್ಕಿಂಗ್‌ನಲ್ಲಿ ಮಕ್ಕಳು ದೂರದೂರ ನಿಂತು, ಮಾಸ್ಕ್ ತೆಗೆದು ನುಡಿಸಿದರು. ನಾವು ನಾಲ್ಕಾರು ಪೋಷಕರು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆವು. ಭಾವ? ಡ್ರೈವರ್ ಹತ್ತಿರ ರಸೀದಿ ಬರೆಸಿಕೊಳ್ಳುತ್ತಿದ್ದರು!

ಆ ವಾರವೇ ಜೂಮ್‌ನಲ್ಲಿ ಸಂಘದ ಸಭೆ. ಇಂಥ ಕಾಲದಲ್ಲಿ ಬಸ್ಸೇ? ಯಾರನ್ನು ಕೇಳಿ? ಎಲ್ಲರದೂ ಬಲು ವಿನಯದ ಮಾತು, ಒಂದೊಂದೂ ಚುಚ್ಚುವಂಥದ್ದು. ಭಾವ ಕ್ಯಾಮೆರಾಕ್ಕೆ ತಲೆಬಾಗಿ "ಸುಮಿಮಾಸೆನ್", ತಪ್ಪಾಯಿತು, ಎಂದರು. ಬಾಡಿಗೆಯನ್ನೆಲ್ಲ ಕೈಯಿಂದ ಕಟ್ಟಿಕೊಡಲು ಒಪ್ಪಿ, ಖಜಾಂಚಿಗಿರಿಯನ್ನೂ ಬಿಟ್ಟರು. ಪಾರ್ಕಿಂಗ್‌ನಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬೇರೆಯವರನ್ನೇಕೆ ಅನ್ನಲಿ? ನಾನೂ ಮ್ಯೂಟ್‌ನಲ್ಲೇ ಕೂತಿದ್ದೆ. ಥೂ ನನ್ನ!

ಮರುದಿನ ಮಗಳು ಕೇಳಿದಳು, "ಅಪ್ಪ, ಕನ್ನಡ ರಿಸೀಟಲ್ಲಿ ವಾಟ್ ಡು ದೇ ರೈಟ್?"

"'ಮುಟ್ಟಿತು' ಅಂತ."

ಸಂಜೆ ಅಕ್ಕನ ಮನೆಗೆ ಹೋಗಿ, ಬಗ್ಗಿ, ಎರಡೂ ಕೈಯಲ್ಲಿ ಒಂದು ಚೀಟಿ ಕೊಟ್ಟಳು. ಸೊಟ್ಟ ಅಕ್ಷರ: "ಮಾವ, ಬಸ್ಸು ಮುಟ್ಟಿತು."

ತಾರೀಖಿಲ್ಲ, ಮೊತ್ತವಿಲ್ಲ, ಮೊಹರಿಲ್ಲ. ಭಾವ ಕನ್ನಡಕ ತೆಗೆದರು. ಚೀಟಿಯನ್ನು ಹಾಗೇ ಫೈಲಿಗೆ ಹಾಕಿಕೊಂಡರು.