ಗಾಳಿಯಿಲ್ಲದೆ ಬಿದ್ದ ಎಲೆ

ಇಪ್ಪತ್ತು ವರ್ಷ ವಿಜ್ಞಾನ ಮೇಷ್ಟರಾಗಿದ್ದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ಯಾರೂ ಕೇಳದಿದ್ದರೂ ಕಾರಣ ಹೇಳುವುದು. ದೋಸೆ ಯಾಕೆ ಕಾವಲಿಗೆ ಹತ್ತಿಕೊಂಡಿತು ಎಂದು ಹೆಂಡತಿಗೆ ವಿವರಿಸಿ ಒಂದು ವಾರ ಉಪ್ಪಿಟ್ಟು ತಿಂದವನು ನಾನು. ಇದೇ ಕಾಯಿಲೆಯಿಂದ ಮೊನ್ನೆ ನಮ್ಮ ಮನೆಯ ಸೋಫಾದಿಂದಲೇ ಗಡೀಪಾರಾದೆ.

ಮಗಳು ಸಿಂಚನಾ ಒಂಬತ್ತನೇ ಕ್ಲಾಸು. ಈಚೆಗೆ ನನ್ನೊಡನೆ ಅವಳ ಮಾತು 'ಹೂಂ', 'ಊಹೂಂ'ಗೆ ಇಳಿದಿದೆ. ಸಂಜೆ ಟೀವಿಯಲ್ಲಿ ಜಪಾನಿನ ಅನಿಮೆ ಕಾರ್ಟೂನು ನೋಡುವ ಅರ್ಧ ಗಂಟೆ ಮಾತ್ರ ಬಾಯಿ ತುಂಬ ಮಾತಾಡುತ್ತಾಳೆ. ಆ ಆಸೆಗೇ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕತೆಯಲ್ಲಿ ನಾಲ್ವರು ಗೆಳತಿಯರು. ಬುತ್ತಿ ಹಂಚಿಕೊಳ್ಳುತ್ತಾರೆ, ಪರೀಕ್ಷೆಗೆ ಹೆದರುತ್ತಾರೆ, ಥೇಟ್ ನಮ್ಮ ಹೊಳಲ್ಕೆರೆಯ ಹುಡುಗಿಯರು. ಆದರೆ ಅವರ ಶಾಲೆಯ ಹಿಂದೊಂದು ಮುದಿ ಮರ. ಏನಾದರೂ ಕೇಳಿದರೆ ಎಲೆ ಉದುರಿಸಿ ಉತ್ತರ ಕೊಡುತ್ತದೆ: ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ನನಗೆ ತಡೆಯಲಾಗದಿದ್ದದ್ದು, ಇದಕ್ಕೆ ಒಬ್ಬಳೂ ಬೆರಗಾಗುವುದಿಲ್ಲ. ಎಲೆ ನೋಡಿ 'ಸರಿ' ಅಂದು ಐಸ್‌ಕ್ರೀಮ್ ತಿನ್ನಲು ಹೋಗುತ್ತಾರೆ!

"ಗಾಳೀನೇ ಇಲ್ಲ, ಎಲೆ ಹೆಂಗೆ ಬಿತ್ತು?" ಅಂದೆ. ಮಾರನೆಯ ದಿನವೂ ಅಂದೆ. ಮೂರನೆಯ ದಿನ ಗುರುತ್ವಾಕರ್ಷಣೆ ಶುರುಮಾಡುತ್ತಿದ್ದಂತೆ ಸಿಂಚನಾ ಟೀವಿ ಆರಿಸಿದಳು.

"ಅಪ್ಪಾಜಿ, ನೀನು ಎದ್ದೋಗು. ನಾನೊಬ್ಳೇ ನೋಡ್ಕಂತೀನಿ."

ನಾಲ್ಕು ಸಂಜೆ ಅಂಗಳದಲ್ಲಿ ಕೂತು ಸೊಳ್ಳೆ ಹೊಡೆದೆ. ಒಳಗಿನಿಂದ ಅವಳ ನಗು ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ ಅಳು ಬರುವಂತಾಯಿತು. ಕಡೆಗೆ, ತಾಳ್ಯದಿಂದ ಬಂದಿದ್ದ ನನ್ನ ಅವ್ವನನ್ನೇ ಸಂಧಾನಕ್ಕೆ ಕರೆದೆ. ಅವ್ವ ಯಾವತ್ತೂ ಮೊಮ್ಮಗಳ ಪಾರ್ಟಿ ಎಂಬುದು ಆ ಗಡಿಬಿಡಿಯಲ್ಲಿ ಮರೆತಿತ್ತು. ಎಲೆಯ ಜಗಳವನ್ನೆಲ್ಲ ಕೇಳಿ ಅವ್ವ ನನ್ನ ಕಡೆಗೇ ತಿರುಗಿದಳು.

"ಏನಪ್ಪ, ಈ ಊರಿಗೆ ವರ್ಗ ಕೇಳಾಕೆ ಮುಂಚೆ ದೇವ್ರ ಮುಂದೆ ಹೂವಿಗೆ ಕುಂತಿದ್ಯಲ್ಲ, ಮರ್ತ್ಯಾ? ಮದ್ಲನೇ ಸೋಮವಾರ ಹೂವು ಎಡಗಡೆ ಬಿತ್ತು. 'ಗಾಳಿಗೆ ಬಿದ್ದಿದ್ದು, ಲೆಕ್ಕಕ್ಕಿಲ್ಲ' ಅಂದೆ. ಬಲಗಡೆ ಬೀಳೋಗಂಟ ಮೂರು ಸೋಮವಾರ ಕುಂತಿದ್ದೆ!"

ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ. ಹೆಣ್ಣು ನೋಡುವುದರಿಂದ ಹಿಡಿದು ಬೋರ್‌ವೆಲ್ ಕೊರೆಸುವವರೆಗೆ ನಮ್ಮ ಮನೆತನದ ಪದ್ಧತಿ ಇದು. ಹೂ ಬಿದ್ದಾಗ ನಾವೂ ಬೆರಗಾಗುವುದಿಲ್ಲ. ಕೈಮುಗಿದು ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋಗುತ್ತೇವೆ.

ಸಿಂಚನಾ ಬಿದ್ದು ಬಿದ್ದು ನಕ್ಕಳು. ಪಿಟ್ಟೆನ್ನಬಾರದು ಎಂಬ ಷರತ್ತಿನ ಮೇಲೆ ಸೋಫಾದ ತುದಿಯಲ್ಲಿ ಜಾಗ ಕೊಟ್ಟಳು.

ಅವತ್ತು ಕಡೆಯ ಕಂತು. ನಾಲ್ವರಲ್ಲಿ ಚಿಕ್ಕವಳ ಅಪ್ಪನಿಗೆ ದೂರದ ಊರಿಗೆ ವರ್ಗವಾಗಿತ್ತು. ಇವಳು ಇಲ್ಲೇ ಉಳಿಯುತ್ತಾಳಾ ಎಂದು ಎಲ್ಲರೂ ಮರವನ್ನು ಕೇಳಿದರು. ಸಿಂಚನಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ! ಎಲೆ ಕಳಚಿತು, ತೇಲಿತು, ಎಡಕ್ಕೆ ಬಿತ್ತು. ಮಗಳ ಕಣ್ಣು ತುಂಬಿತು. ಷರತ್ತು ಮರೆತೇ ಹೋಯಿತು ನನಗೆ. ಎದ್ದು ನಿಂತು ಟೀವಿಗೆ ಕೂಗಿದೆ:

"ಲೇ, ಅದು ಗಾಳಿಗೆ ಬಿದ್ದಿದ್ದು ಕಣ್ರೇ, ಲೆಕ್ಕಕ್ಕಿಲ್ಲ! ಸೋಮವಾರ ಬಂದು ಇನ್ನೊಂದ್ಸಲ ಕೇಳ್ರೇ!"