ಪಾಟಿಯ ಮೇಲಿನ ರಜೆ

ರಜೆ ಸಿಗುವುದಿಲ್ಲ ಎಂದು ಗೋಳಾಡುವವರ ಕಥೆ ಎಲ್ಲ ಕಡೆ ಇದ್ದದ್ದೇ. ನಮ್ಮ ಅಂಗಡಿಯಲ್ಲಿ ಮಾತ್ರ ವಾರಕ್ಕೊಂದು ಫಜೀತಿ ಆಗುವುದು ರಜೆ ಸಿಗುವುದರಿಂದಲೇ.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಮಳೆಗೆ ಹೊದಿಸುವ ತಾಡಪತ್ರಿ, ಹಗ್ಗ, ಗೋಣಿಚೀಲಗಳ ಸಗಟು ಅಂಗಡಿ ನಮ್ಮದು. ನಮ್ಮದು ಎಂದರೆ ಮಾಲಕರದು, ನಾನು ಅಲ್ಲಿ ಮ್ಯಾನೇಜರು. ಮಾಲಕರು ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ, ಗಿರಾಕಿ ಖಾನಾಪುರದ ಕಡೆಯವನಾದರೆ ಮರಾಠಿ ಮಾತಾಡುತ್ತಾರೆ. ಮೂರರಲ್ಲಿ ಒಂದು ಭಾಷೆಯಲ್ಲೂ ಅವರು ಸಿಟ್ಟಾದದ್ದನ್ನು ನಾನು ಕಂಡಿಲ್ಲ. ಹಣದ ಗಲ್ಲೆಯ ಪಕ್ಕದ ಗೋಡೆಗೆ ಒಂದು ಕರಿ ಪಾಟಿ ತೂಗುಹಾಕಿದ್ದಾರೆ. ನನ್ನನ್ನು ಬಿಟ್ಟು ಕೆಲಸಗಾರರು ಆರು ಜನ. ರಜೆ ಬೇಕಾದವರು ಹಿಂದಿನ ದಿನ ಅದರ ಮೇಲೆ ಹೆಸರು ಬರೆದರೆ ಮುಗಿಯಿತು. ಒಂದು ದಿನಕ್ಕೆ ಇಬ್ಬರು, ಅಷ್ಟೇ ಷರತ್ತು.

ಆ ಪಾಟಿಯನ್ನು ನೋಡಿಕೊಳ್ಳುವವನು ನಾನು. ಹನ್ನೊಂದು ವರ್ಷದಲ್ಲಿ ಅದರ ಮೇಲೆ ಬರದ ಹೆಸರೂ ನನ್ನದೊಂದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತೇನೆ, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುತ್ತೇನೆ. ವಾರದ ರಜೆಯ ದಿನವೂ ಒಮ್ಮೆ ಬಂದು ಬೀಗ ಎಳೆದು ನೋಡುತ್ತೇನೆ. ಜನ ಇದನ್ನು ನಿಷ್ಠೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಇದು ಹೆದರಿಕೆ. ನಾನು ಒಂದು ದಿನ ಇಲ್ಲದೆಯೂ ಅಂಗಡಿ ಸುಸೂತ್ರವಾಗಿ ನಡೆದುಬಿಟ್ಟರೆ ನನ್ನ ಗತಿ ಏನು?

ಕಾರಣ ಬೇಡ

ತಾಡಪತ್ರಿ ಅಳೆದು ಕತ್ತರಿಸುವವನು ಖಾನಾಪುರದ ಹತ್ತಿರದ ಹಳ್ಳಿಯವನು. ಬೇರೊಂದು ಅಂಗಡಿ ಬಿಟ್ಟು ನಮ್ಮಲ್ಲಿಗೆ ಬಂದ ಹೊಸದರಲ್ಲಿ ಅವನಿಗೆ ಒಂದು ದಿನ ರಜೆ ಬೇಕಾಯಿತು. ಮಾಲಕರ ಎದುರು ಕೈಕಟ್ಟಿ ನಿಂತು, ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು, ಅಳಿಯನ ಎಮ್ಮೆಯಿಂದ ಶುರುಮಾಡಿದ. ಎಮ್ಮೆ ಇನ್ನೂ ಕೊಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ, ಮಾಲಕರು ತಡೆದರು.

"ಕಾರಣ ಬ್ಯಾಡ್ರಿ. ಕಾರಣ ಕೇಳಿದ್ರ ಮಂದಿ ಸುಳ್ಳ ಹೇಳತಾರ. ಸುಳ್ಳ ಹೇಳಿಸಿದ ಪಾಪ ನನಗ್ಯಾಕ? ಪಾಟಿ ಮ್ಯಾಲ ಹೆಸರ ಬರೀರಿ."

ಅವನು ಹೆಸರು ಬರೆದ. ಆದರೆ ರಜೆ ಸಿಕ್ಕವನ ಮುಖ ಅದಾಗಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಬಳಿ ಬಂದು ಕುಳಿತು ಎಮ್ಮೆ ಹಳ್ಳಕ್ಕೆ ಬಿದ್ದದ್ದು, ಅದನ್ನು ಎತ್ತಲು ಹೋಗಿ ಅಳಿಯ ಕಾಲು ಮುರಿದುಕೊಂಡದ್ದು, ಮಗಳು ಒಬ್ಬಳೇ ಒದ್ದಾಡುತ್ತಿರುವುದು, ಎಲ್ಲವನ್ನೂ ಹೇಳಿದ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ರಜೆ ಮುಗಿಸಿ ಬಂದಾಗ ಅಳಿಯನ ಕಾಲು ಹೇಗಿದೆ ಎಂದು ವಿಚಾರಿಸಿದೆ. ಅವನಿಗೆ ಮಗಳೇ ಇಲ್ಲವಂತೆ.

"ಮತ್ತ ನನಗ ಯಾಕ ಹೇಳಿದ್ಯೋ?" ಎಂದೆ.

"ಎರಡ ದಿನ ಕುಂತು ತಯಾರ ಮಾಡಿದ್ನಿರಿ. ಸುಮ್ನ ಹಾಳಾಗತಿತ್ತು."

ಕತ್ತರಿ

ಇದೇ ಅಳತೆಯವನು ಇನ್ನೊಮ್ಮೆ ರಜೆ ಹಾಕಿ ಊರಿಗೆ ಹೋಗಿದ್ದ. ಅಂಗಡಿಯಲ್ಲಿ ದೊಡ್ಡ ಕತ್ತರಿ ಕಾಣಲಿಲ್ಲ. ಎಲ್ಲರೂ ಹಗ್ಗದ ಸುರುಳಿಗಳನ್ನೆಲ್ಲ ಎತ್ತಿ ಹುಡುಕಿದೆವು. ಕೊನೆಗೆ ಮಾಲಕರು ಸಂಕೋಚಪಡುತ್ತಲೇ ಅವನಿಗೆ ಫೋನ್ ಮಾಡಿ ಕತ್ತರಿ ಎಲ್ಲಿದೆ ಎಂದು ಕೇಳಿದರು. ಬಂದೆ ಎಂದು ಹೇಳಿ ಅವನು ಫೋನ್ ಇಟ್ಟ. ಒಂದೂವರೆ ತಾಸಿನ ಮೇಲೆ ಅರ್ಧ ಗಡ್ಡ ಬೋಳಿಸಿಕೊಂಡ ಮುಖದಲ್ಲಿ ಬಸ್ಸಿನಿಂದ ಇಳಿದು ಓಡಿ ಬಂದ. ಮಾಲಕರನ್ನು ವಿನಯದಿಂದ ಎಬ್ಬಿಸಿ, ಅವರು ಕುಳಿತಿದ್ದ ಗಾದಿಯ ಕೆಳಗಿನಿಂದ ಕತ್ತರಿ ತೆಗೆದು ಕೊಟ್ಟ.

ಮಾಲಕರಿಗೆ ಬಹಳ ಕೆಡುಕೆನಿಸಿತು. ರಜೆಯಲ್ಲಿ ಇದ್ದವರಿಗೆ ಏನೇ ಆದರೂ ಯಾರೂ ಫೋನ್ ಮಾಡಕೂಡದು, ಮಾಡಿದವರು ಮರುದಿನ ಅವರ ಕೆಲಸ ತಾವೇ ಮಾಡಬೇಕು ಎಂದು ಅಲ್ಲೇ ಕಾನೂನು ಮಾಡಿದರು. ಮರುದಿನ ತಾವೇ ನೆಲದ ಮೇಲೆ ಕುಳಿತು ತಾಡಪತ್ರಿ ಕತ್ತರಿಸಿದರು. ಹಾಗೆ ಸೊಟ್ಟಗೆ ಹೋದ ಆ ತಾಡಪತ್ರಿಯನ್ನು ಇವತ್ತಿಗೂ ಯಾರೂ ಕೊಂಡಿಲ್ಲ.

ಗಾದಿಯ ಕೆಳಗೆ ಇದೆ ಎಂದು ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನಾನು ಅಳತೆಯವನನ್ನು ಕೇಳಿದೆ.

"ಮಾಲಕರಿಗೆ ಫೋನ್‌ನಾಗ 'ಎದ್ದು ನಿಂದರ್ರಿ' ಅಂತ ಹೆಂಗ ಹೇಳೂದ್ರಿ?" ಎಂದ.

ಗಿರಾಕಿ

ತಾಡಪತ್ರಿಯ ಅಂಚು ಹೊಲಿಯುವ ಹೆಂಗಸು ತಿಂಗಳಿಗೊಂದು ರಜೆ ತಪ್ಪದೆ ಹಾಕುತ್ತಾಳೆ. ರಜೆಯ ದಿನ ಹನ್ನೊಂದಕ್ಕೆ ಸರಿಯಾಗಿ ಒಳ್ಳೆಯ ಸೀರೆ ಉಟ್ಟು ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾಳೆ. ರಜೆ ಎಂದು ಗೊತ್ತಾದರೆ ಮನೆಯವರು ಉದ್ದಿನ ಹಪ್ಪಳಕ್ಕೆ ಕೂರಿಸುತ್ತಾರಂತೆ, ನಾದಿನಿ ಮಕ್ಕಳನ್ನು ತಂದು ಬಿಡುತ್ತಾಳಂತೆ. ಆದ್ದರಿಂದ ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಹೊರಟು ಇಲ್ಲಿಗೆ ಬರುತ್ತಾಳೆ. ಮಾಲಕರು ಗಿರಾಕಿಗೆ ಹೇಳುವ ಹಾಗೆಯೇ ಅವಳಿಗೂ ಚಹಾ ಹೇಳುತ್ತಾರೆ.

ಒಂದು ದಿನ ತಾಡಪತ್ರಿ ಕೊಳ್ಳಲು ಬಂದ ರೈತನೊಬ್ಬ, ಹೊಲಿಗೆ ಗಟ್ಟಿ ಇದೆಯೇ ಎಂದು ಪಕ್ಕದಲ್ಲಿ ಕುಳಿತಿದ್ದ ಅವಳನ್ನೇ ಕೇಳಿದ. ಅವಳೇ ಹೊಲಿದ ತಾಡಪತ್ರಿ ಅದು. ಅವಳು ಅದರ ಕಡೆ ತಿರುಗಿಯೂ ನೋಡದೆ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡಳು.

"ನಾಳೆ ಬರ್ರಿ, ಹೇಳತೀನಿ. ಇವತ್ತ ನಾ ರಜಾದಾಗ ಅದೀನಿ."

ನನ್ನ ಸರದಿ

ಇಷ್ಟೆಲ್ಲ ನೋಡಿ ನಗುತ್ತ ಕುಳಿತವನಿಗೂ ಸರದಿ ಬಂತು. ಮಳೆಗಾಲ ಮುಗಿದು ವ್ಯಾಪಾರ ತಣ್ಣಗಾಗಿತ್ತು. ನಾನು ಮರೆತು ಬಂದ ಡಬ್ಬಿ ಕೊಡಲು ನನ್ನ ಹೆಂಡತಿ ಅಂಗಡಿಗೆ ಬಂದಳು. ಮಾಲಕರು ಆರಾಮಾ ಎಂದು ಕೇಳಿದ್ದೇ ತಡ, ಖಾನಾಪುರ ತನ್ನ ತವರೆಂದೂ, ಅಲ್ಲೇ ಹತ್ತಿರದ ಹಲಸಿಯ ಹಳೆಯ ಗುಡಿಗಳನ್ನು ತೋರಿಸುತ್ತೇನೆಂದು ಗಂಡ ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದಾನೆಂದೂ ತಿಳಿಸಿದಳು. ಮಾಲಕರು ಎದ್ದು, ಬಳಪ ತೆಗೆದುಕೊಂಡು, ಬುಧವಾರದ ಕೆಳಗೆ ನನ್ನ ಹೆಸರನ್ನು ತಾವೇ ಬರೆದರು.

ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಇಲ್ಲ. ಯಾವ ಸಾಮಾನು ಎಲ್ಲಿದೆ, ಯಾವ ಗಿರಾಕಿಗೆ ಏನು ಹೇಳಬೇಕು ಎಂದು ನಾಲ್ಕು ಪುಟ ಬರೆದು, ಎಲ್ಲರಿಗೂ ಕಾಣುವ ಹಾಗೆ ಪಾಟಿಯ ಕೆಳಗೆ ಅಂಟಿಸಿದೆ. ಬುಧವಾರ ಬೆಳಿಗ್ಗೆ ದಿನದ ರೂಢಿಯಂತೆ ತಯಾರಾಗಿ ಹೆಂಡತಿಯೊಂದಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೊಂಟಕ್ಕೆ ಏನೋ ಚುಚ್ಚುತ್ತಿತ್ತು. ಸೀಟಿನ ಮೊಳೆ ಎದ್ದಿದೆ ಎಂದು ಕಂಡಕ್ಟರನ ಜೊತೆ ಜಗಳವನ್ನೂ ಆಡಿದೆ.

ಹಲಸಿಯಲ್ಲಿ ಹೆಂಡತಿ ಗುಡಿ ನೋಡಿದಳು, ನಾನು ಮೊಬೈಲು ನೋಡಿದೆ. ಫೋನ್ ಮಾಡಕೂಡದು ಎಂಬ ಕಾನೂನು ನನಗೂ ಗೊತ್ತು. ಆದರೂ ನಾನಿಲ್ಲದೆ ಪರದಾಡಿ ಯಾರಾದರೂ ಒಬ್ಬರು ಕಾನೂನು ಮುರಿಯಲಿ ಎಂದು ದೇವರ ಎದುರೇ ಬೇಡಿಕೊಂಡೆ. ಸಂಜೆಯವರೆಗೆ ಒಂದೇ ಒಂದು ಫೋನ್ ಬರಲಿಲ್ಲ. ಮರಳಿ ಬರುವಾಗ ಹೆಂಡತಿ ಇಂಥ ದಿನ ಮತ್ತೆ ಬರಲಿ ಎಂದಳು. ನನಗೆ ಅಳು ಬರುವುದೊಂದು ಬಾಕಿ ಇತ್ತು.

ಮರುದಿನ ಹೋದರೆ ಎಲ್ಲರೂ ನನಗಿಂತ ಮೊದಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಮಾಲಕರೂ ಇದ್ದರು. ಎಲ್ಲರ ಮುಖವೂ ಕಳೆಕಳೆಯಾಗಿತ್ತು. ನಿನ್ನೆ ಏನೂ ತೊಂದರೆ ಆಗಲಿಲ್ಲವಷ್ಟೇ ಎಂದು ಅಳತೆಯವನನ್ನು ಕೇಳಿದೆ.

"ಏನೂ ಆಗಲಿಲ್ರಿ," ಎಂದ.

ನಾನು ಹೆದರಿದ್ದೇ ಆಯಿತು. "ವ್ಯಾಪಾರ?"

"ಅದೂ ಆಗಲಿಲ್ರಿ. ನೀವು ಮೊದಲ ಬಾಗಲಾ ತೆಗೀರಿ."

ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಂಗಡಿಯ ಕೀಲಿಕೈ ಅಲ್ಲೇ ಇತ್ತು, ನಿನ್ನೆ ಬಸ್ಸಿನಲ್ಲಿ ಚುಚ್ಚಿದ್ದ ಜಾಗದಲ್ಲೇ. ಇನ್ನೊಂದು ಕೀಲಿಕೈ ಗಲ್ಲೆಯ ಡ್ರಾವರಿನಲ್ಲಿತ್ತು. ಹಾಗೆಂದು ನನ್ನ ನಾಲ್ಕು ಪುಟದ ಮೊದಲ ಸಾಲಿನಲ್ಲೇ ಬರೆದಿದ್ದೆ. ಆ ಪುಟಗಳೂ ಒಳಗೇ ಇದ್ದವು.

ಉಳಿದದ್ದನ್ನು ಹೊಲಿಗೆಯ ಹೆಂಗಸು ಹೇಳಿದಳು. ಅಳತೆಯವನು ಕಲ್ಲು ತಂದು ಬೀಗ ಒಡೆಯಲು ಹೋದನಂತೆ, ಮಾಲಕರು ಬೇಡವೆಂದರಂತೆ. ಫೋನ್ ಮಾಡೋಣ ಎಂದವರಿಗೆ ಕಾನೂನು ನೆನಪಿಸಿದರಂತೆ. ಹನ್ನೊಂದರ ತನಕ ಎಲ್ಲರಿಗೂ ಚಹಾ ಕುಡಿಸಿ, ಇವತ್ತು ಎಲ್ಲರಿಗೂ ರಜೆ ಎಂದು ಕಳಿಸಿ, ತಾವು ಮಿಲಿಟರಿ ಕ್ಯಾಂಪಿನ ಮರಗಳ ಕೆಳಗೆ ಸಂಜೆಯವರೆಗೆ ಅಡ್ಡಾಡಿದರಂತೆ.

ನಾಚಿಕೆ ಆಗಬೇಕಿತ್ತು, ಆದರೆ ನನಗಾದದ್ದು ಖುಷಿ. ನಾನಿಲ್ಲದೆ ಅಂಗಡಿ ನಡೆಯುವುದು ಇರಲಿ, ಬಾಗಿಲು ಸಹ ತೆರೆದಿರಲಿಲ್ಲ. ಎದೆಯುಬ್ಬಿಸಿಕೊಂಡು ಹಿಂದಿನ ಗೋದಾಮಿಗೆ ಹೋಗಿ ಮಾಲು ನೋಡಿ ಬಂದು, ಪಾಟಿ ಒರೆಸಲು ಅರಿವೆ ಕೈಗೆತ್ತಿಕೊಂಡೆ.

ಪಾಟಿ ತುಂಬಿತ್ತು. ಮುಂದಿನ ಬುಧವಾರ, ಅದರ ಮುಂದಿನ ಬುಧವಾರ, ಹೀಗೆ ಏಳು ಬುಧವಾರ. ಪ್ರತಿಯೊಂದರ ಕೆಳಗೂ ನನ್ನದೇ ಹೆಸರು, ಅಕ್ಷರ ಮಾತ್ರ ಬೇರೆ ಬೇರೆ. ಎಣಿಸಿದೆ. ಏಳು ಥರದ ಅಕ್ಷರ, ಕೆಲಸಗಾರರು ಆರೇ ಜನ.

ತಿರುಗಿ ನೋಡಿದೆ. ಗಾದಿಯ ಮೇಲೆ ಮಾಲಕರು ಬೆರಳಿಗೆ ಹತ್ತಿದ ಬಳಪದ ಪುಡಿ ಒರೆಸಿಕೊಳ್ಳುತ್ತಿದ್ದರು.

"ಕಾರಣ ಕೇಳಬ್ಯಾಡ್ರಿ," ಎಂದರು.