ಬೀಗತಿಯನ್ನು ಮಸುಕು ಮಾಡಿದ ಲೆನ್ಸು

ಮನುಷ್ಯನಿಗೆ ಒಂದಾದರೂ ಹಟ ಇರಬೇಕು. ನನ್ನ ಹಟ ಎಂಬತ್ತೈದು ಮಿಲಿಮೀಟರಿನದು. ನನ್ನ ಕ್ಯಾಮೆರಾದ ಈ ಲೆನ್ಸಿಗೆ ಜೂಮ್ ಎಂಬುದೇ ಇಲ್ಲ. ಅದು ಹಿಂದೆ ಮುಂದೆ ಸರಿಯದ ಕಾರಣ ನಾನೇ ಸರಿಯಬೇಕು. ರಾಣೆಬೆನ್ನೂರಿನ ನಮ್ಮ ಪಡಸಾಲೆಯಲ್ಲಿ ನಾಲ್ಕು ಜನರನ್ನು ಒಟ್ಟಿಗೆ ಹಿಡಿಯಬೇಕೆಂದರೆ ನಾನು ಅಂಗಳ ದಾಟಿ, ರಸ್ತೆಗಿಳಿದು, ಎದುರು ಮನೆಯವರ ಕಟ್ಟೆ ಏರಬೇಕು. ಹೋಗಲಿ ಎಂದು ಊರಾಚೆಯ ಅಭಯಾರಣ್ಯಕ್ಕೆ ಒಯ್ದರೆ ಚಿಗರಿಗಳು ಎಳ್ಳುಕಾಳಿನಷ್ಟು ಕಾಣುತ್ತವೆ. ಮನೆಗೆ ಉದ್ದ, ಅಡವಿಗೆ ಗಿಡ್ಡ. ಒಪ್ಪಿದೆ. ಆದರೆ ಒಂದೇ ಒಂದು ಮುಖವನ್ನು ಹಿಡಿದು ನೋಡಿ! ಕಣ್ಣಿನ ರೆಪ್ಪೆ ಎಣಿಸಬಹುದು; ಹಿಂದಿನ ಕ್ಯಾಲೆಂಡರು, ಸ್ವಿಚ್ ಬೋರ್ಡು, ಒಣಹಾಕಿದ ಟವೆಲ್ಲು ಎಲ್ಲವೂ ಬೆಣ್ಣೆಯಂತೆ ಕರಗಿಹೋಗುತ್ತವೆ.

ತಂಟೆ ಬಂದದ್ದು ಈ ಗುಣದಿಂದಲೇ. ಬ್ಯಾಡಗಿಯಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳು ಸುಧಾಳ ಕುಬಸ, ಅಂದರೆ ಸೀಮಂತ. ಫೋಟೊ ನನ್ನದೇ ಎಂದು ಎದೆಯುಬ್ಬಿಸಿಕೊಂಡು ಹೋದೆ. ಬಸುರಿ ಸುಧಾ ಹಸಿರು ಸೀರೆಯುಟ್ಟು ಕುಳಿತಿದ್ದಳು. ಹಿಂದೆ ಅವಳ ಅತ್ತೆ, ಹಾವೇರಿಯ ನಮ್ಮ ಬೀಗತಿ, ಹೊಸ ಜರಿ ಸೀರೆಯುಟ್ಟು, ತಾವು ತಂದ ಉಡುಗೊರೆಯ ತಾಟು ಹಿಡಿದು ನಿಂತಿದ್ದರು. ಸುಧಾಳ ಕಣ್ಣಿಗೆ ಫೋಕಸ್ ಮಾಡಿದೆ. ಚಿತ್ರ ಅಮೋಘವಾಗಿ ಬಂತು. ಬೀಗತಿ ಮಾತ್ರ ತಾಟಿನ ಸಮೇತ ಮಂಜಿನಲ್ಲಿ ಮರೆಯಾದರು. ನಮ್ಮ ಕಡೆ ಫೋಟೊ ತೆಗೆಸುವುದೇ ಯಾರು ಬಂದಿದ್ದರು, ಏನು ತಂದಿದ್ದರು ಎಂಬುದಕ್ಕೆ ಸಾಕ್ಷಿ ಇರಲೆಂದು!

ಚಿತ್ರಗಳನ್ನು ಕಳಿಸಿದ ಮರುದಿನವೇ ಬೀಗತಿಯ ಫೋನು ಬಂತು. “ಏನ್ರಿ ಬೀಗರ, ನನ್ನ ದೆವ್ವ ತಗದಂಗ ತಗದೀರಲ್ಲ? ಆ ಸೀರಿ ಆರಸಾಕ ಇಡೀ ದಿನ ಅಂಗಡ್ಯಾಗ ಕುಂತಿದ್ದೆ. ಕೂಸಿನ ತೊಟ್ಟಿಲಕ್ಕ ನಾ ಬರಂಗಿಲ್ಲ!”

ನನ್ನ ಹೆಂಡತಿ ಹೌಹಾರಿದಳು. “ಅವರು ಬರ್ಲಿಲ್ಲಂದ್ರ ಅಕ್ಕಗ ಹೆಂಗ ಮಾರಿ ತೋರಿಸ್ಲಿ? ಅವರನ್ನ ಸಮಾಧಾನ ಮಾಡಿ ಬರ್ರಿ, ಇಲ್ಲಾ ಆ ಸುಡುಗಾಡು ಲೆನ್ಸ್ ಮಾರಿ ಬರ್ರಿ.”

“ಮಾರಂಗಿಲ್ಲ” ಎಂದವನೇ ಅದೇ ಲೆನ್ಸು ಹೆಗಲಿಗೇರಿಸಿ ಹಾವೇರಿಯ ಬಸ್ಸು ಹತ್ತಿದೆ. ತಪ್ಪು ಲೆನ್ಸಿನದಲ್ಲ, ಒಂದು ಚಿತ್ರದಲ್ಲಿ ಇಬ್ಬರು ನಾಯಕಿಯರನ್ನು ಕೇಳುವ ನಮ್ಮ ಜನರದು.

ಬೀಗತಿಯವರನ್ನು ಅದೇ ಜರಿ ಸೀರೆಯಲ್ಲಿ ಕಿಟಕಿಯ ಬೆಳಕಿಗೆ ಒಬ್ಬರನ್ನೇ ಕೂರಿಸಿ ಕ್ಲಿಕ್ಕಿಸಿದೆ. ಜರಿಯ ಎಳೆ ಎಳೆ ಹೊಳೆಯಿತು. ಜೊತೆಗೆ ಮೂಗಿನ ಮಗ್ಗುಲಿನ ನರಹುಲಿ, ಬೈತಲೆಗಂಟಿದ ಕೂದಲ ಬಣ್ಣದ ಕಲೆ, ತುಟಿಯ ಮೇಲಿನ ಎಳೆಮೀಸೆ, ಎಲ್ಲವೂ ಕಾಣಿಸಿದವು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಬೀಗರ, ಸೀರಿ ಹಿಂಗ ಇರ್ಲಿ” ಎಂದರು ಮೆಲ್ಲಗೆ. “ಮಾರಿ ಮಾತ್ರ ಕುಬಸದಾಗ ಬಂದಿತ್ತಲ್ಲ, ಹಂಗ ಮಾಡ್ರಿ. ತೊಟ್ಟಿಲಕ್ಕ ಬರ್ತೇನಿ ತಗೋರಿ. ತಾಟು ಮುಂದಿಡ್ರಿ, ನಾ ಹಿಂದ ನಿಂದರ್ತೇನಿ.”

ಗೆದ್ದವನಂತೆ ಮನೆಗೆ ಬಂದು ವರದಿ ಒಪ್ಪಿಸಿದೆ. ಹೆಂಡತಿ ಕ್ಯಾಮೆರಾ ಕಸಿದುಕೊಂಡು, “ಅಷ್ಟು ಛಲೋ ಐತೇನು? ಕುಂದ್ರಿ, ನಿಮ್ಮದೂ ಒಂದು ತಗೀತೇನಿ” ಎಂದು ತೆಗೆದೇಬಿಟ್ಟಳು. ಎಂಬತ್ತೈದರ ಪರವಾಗಿ ನಾನು ಈಗಲೂ ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ. ಆ ಒಂದು ಚಿತ್ರವನ್ನು ಮಾತ್ರ ಅಳಿಸಿದ್ದೇನೆ.